ಮಾತ್ರೆ ಬಿಟ್ಟು 68 ದಿನ ಆಯಿತು, ಇನ್ನೂ ಮುಟ್ಟಾಗಿಲ್ಲ. ನಿಮಗೂ ಹೀಗೆ ಆಗಿತ್ತಾ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ನನಗೆ 31. ಆರು ವರ್ಷ ಗರ್ಭನಿರೋಧಕ ಮಾತ್ರೆ ತಗೊಂಡೆ. 21 ಮಾತ್ರೆಯ ಶೀಟು, ಆಮೇಲೆ ಏಳು ದಿನ ಬಿಡುವು, ಮತ್ತೆ ಹೊಸ ಶೀಟು. ಪ್ರತಿ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತಿತ್ತು. ಈಗ ಮಗು ಬೇಕು ಅಂತ ನಾವಿಬ್ಬರೂ ತೀರ್ಮಾನ ಮಾಡಿದೆವು. ಕೊನೆಯ ಶೀಟು ಮುಗಿಸಿ ನಿಲ್ಲಿಸಿದೆ. ಬಿಟ್ಟ ಮೂರನೇ ದಿನ ಎಂದಿನಂತೆ ಆಯಿತು. ಅಷ್ಟೇ. ಇವತ್ತಿಗೆ 68 ದಿನ, ಒಂದು ಕಲೆ ಕೂಡ ಇಲ್ಲ.

ಕಿಟ್‌ನಲ್ಲಿ ಮೂರು ಸಲ ನೋಡಿದೆ. ಮೂರು ಸಲವೂ ಒಂದೇ ಗೆರೆ. ಕೊನೆಯ ಸಲ ಕಿಟ್ಟನ್ನು ಕಿಟಕಿ ಹತ್ತಿರ ಹಿಡಿದೆ, ಮೊಬೈಲ್ ಟಾರ್ಚ್ ಬಿಟ್ಟೆ, ಫೋಟೊ ತೆಗೆದು ದೊಡ್ಡದು ಮಾಡಿ ನೋಡಿದೆ. ಇಲ್ಲ.

ರಾತ್ರಿ ಒಂಬತ್ತೂವರೆಗೆ ಮಾತ್ರೆಯ ಅಲಾರಂ ಈಗಲೂ ಹೊಡೆಯುತ್ತದೆ. ಯಾಕೋ ತೆಗೆಯೋಕೆ ಮನಸ್ಸು ಬಂದಿಲ್ಲ. ನಮ್ಮ ಓರಗಿತ್ತಿ, "ಅಷ್ಟು ವರ್ಷ ತಿಂದರೆ ಗರ್ಭಕೋಶ ಒಣಗದೆ ಇರುತ್ತಾ?" ಅಂದರು. ಬೇಕಂತ ನೋಯಿಸೋಕೆ ಅಂದದ್ದಲ್ಲ. ಆದರೆ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಆರು ವರ್ಷ ತಗೊಂಡದ್ದೇ ತಪ್ಪಾಯಿತಾ?

ಗುಬ್ಬಿಗೂಡು

ಮೊದಲು ಆ ಓರಗಿತ್ತಿ ಮಾತನ್ನು ಪಕ್ಕಕ್ಕಿಡಿ. ನಾನು ನಾಲ್ಕು ವರ್ಷ ತಗೊಂಡಿದ್ದೆ. ಬಿಟ್ಟ ಮೇಲೆ 41ನೇ ದಿನಕ್ಕೆ ಮುಟ್ಟಾಯಿತು. ಮುಂದಿನದು 36, ಅದರ ಮುಂದಿನದು 30. ಐದನೇ ತಿಂಗಳು ನಿಂತಿತು. ಮಗಳಿಗೆ ಈಗ ಹಲ್ಲು ಬರುತ್ತಿದೆ, ನಾನು ನಿದ್ದೆ ಮಾಡಿ ವಾರ ಆಯಿತು.

ಅರ್ಧಚಂದ್ರ

ನನ್ನದು ಪೂರಾ ಉಲ್ಟಾ. ಮಾತ್ರೆ ಬಿಟ್ಟ ಮೇಲೆ ಮುಟ್ಟೇ ಆಗಲಿಲ್ಲ. "ಮೈ ಹೊಂದಿಕೊಳ್ಳಬೇಕಲ್ಲ, ಟೈಮ್ ಬೇಕು" ಅಂತ ನಾನೇ ಸಮಾಧಾನ ಮಾಡಿಕೊಂಡು ಕೂತಿದ್ದೆ. ವಾಕರಿಕೆ ಬಂದರೆ ಗ್ಯಾಸ್ಟ್ರಿಕ್ ಅಂದುಕೊಂಡೆ. ಎರಡೂವರೆ ತಿಂಗಳಿಗೆ ಹೋಗಿ ನೋಡಿದರೆ ಎಂಟು ವಾರದ ಮಗು!

ನನಗೆ ಅಲ್ಲಿವರೆಗೂ ಹೊಳೆದಿರಲಿಲ್ಲ. ಅಂಡಾಣು ಮೊದಲು ಬಿಡುಗಡೆ ಆಗುತ್ತದೆ, ಮುಟ್ಟು ಅದಾದ ಎರಡು ವಾರಕ್ಕೆ ಬರುತ್ತದೆ. ಹಾಗಾಗಿ ಮೊದಲನೇ ಮುಟ್ಟು ನೋಡದೇ ಬಸುರಾಗಬಹುದು. ಮಗು ಈಗಲೇ ಬೇಡ ಅನ್ನುವವರಿಗೂ ಇದು ಗೊತ್ತಿರಬೇಕು. "ಇನ್ನೂ ಡೇಟ್ ಆಗಿಲ್ಲ, ಏನೂ ಆಗಲ್ಲ" ಅನ್ನೋ ಧೈರ್ಯ ಬೇಡ.

ನಿಮ್ಮದು ಮೂರು ಸಲವೂ ಇಲ್ಲ ಅಂದಿದೆ. ಆದರೂ ಕೊನೆಯ ಸಲ ನೋಡಿ ಹತ್ತು ದಿನದ ಮೇಲಾಗಿದ್ದರೆ ಇನ್ನೊಂದು ಸಲ ನೋಡಿ.

ಹಳೆಗಡಿಯಾರ

ನಮ್ಮ ಕಾಲದಲ್ಲಿ ಮಾತ್ರೆ ಬಿಟ್ಟ ಮೇಲೆ ಮೂರು ತಿಂಗಳು ಬೇರೆ ಏನಾದರೂ ಬಳಸಿ, ಆಮೇಲೆ ಮಗು ಅಂತ ಡಾಕ್ಟರೇ ಹೇಳುತ್ತಿದ್ದರು. ಮೈಯಲ್ಲಿ ಸೇರಿದ್ದೆಲ್ಲ ಹೋಗಲಿ ಅಂತ. ಈಗಿನವರು ಅದನ್ನೂ ಮಾಡೋದಿಲ್ಲ. ಅವಸರ ಜಾಸ್ತಿ ಆಯಿತೇನೋ ಅನ್ನಿಸುತ್ತೆ ನನಗೆ.

ನೈಟ್‌ಡ್ಯೂಟಿ

ನಾನು ಸ್ತ್ರೀರೋಗ ವಿಭಾಗದಲ್ಲಿ ನರ್ಸ್. ಈ ಪ್ರಶ್ನೆ ವಾರಕ್ಕೆ ಮೂರ್ನಾಲ್ಕು ಸಲ ಕಿವಿಗೆ ಬೀಳುತ್ತದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ಅಮ್ಮಾ ಹಳೆಗಡಿಯಾರ, ಮೂರು ತಿಂಗಳ ಮಾತು ನಿಜವಾಗಿಯೂ ಇತ್ತು. ಆದರೆ ಕಾರಣ ವಿಷ ತೊಳೆದುಕೊಳ್ಳೋದಲ್ಲ. ಆಗ ಸ್ಕ್ಯಾನಿಂಗ್ ಈಗಿನಂತೆ ಇರಲಿಲ್ಲ. ಕೊನೆಯ ಮುಟ್ಟಿನ ದಿನ ಹಿಡಿದೇ ಹೆರಿಗೆಯ ದಿನ ಲೆಕ್ಕ ಹಾಕಬೇಕಿತ್ತು. ಒಂದೆರಡು ಸಹಜ ಮುಟ್ಟು ಕಂಡ ಮೇಲೆ ಬಸುರಾದರೆ ಲೆಕ್ಕ ತಪ್ಪೋದಿಲ್ಲ ಅಂತ ಕಾಯಿಸುತ್ತಿದ್ದರು. ಈಗ ಮೊದಲ ಮೂರು ತಿಂಗಳ ಸ್ಕ್ಯಾನ್‌ನಲ್ಲೇ ವಯಸ್ಸು ಗೊತ್ತಾಗುತ್ತೆ. ಕಾಯೋದು ಬೇಡ. ಮಾತ್ರೆ ಬಿಟ್ಟ ತಕ್ಷಣ ನಿಂತ ಬಸುರಿಗೆ ಗರ್ಭಪಾತ ಜಾಸ್ತಿ ಅಂತಾಗಲಿ, ಮಗುವಿಗೆ ಊನ ಅಂತಾಗಲಿ ಕಂಡುಬಂದಿಲ್ಲ. ಗೊತ್ತಿಲ್ಲದೆ ಬಸುರಿನ ಮೊದಲ ವಾರಗಳಲ್ಲಿ ಮಾತ್ರೆ ತಿಂದವರ ಮಕ್ಕಳಿಗೂ ಅದರಿಂದ ತೊಂದರೆ ಆದದ್ದು ಕಂಡಿಲ್ಲ.

ಇನ್ನು ಮಾತ್ರೆ ಒಳಗೆ ಮಾಡೋದೇನು ಅಂತ. ಮೆದುಳಿನ ಕೆಳಗೆ ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇದೆ. ಅದು ಎಫ್‌ಎಸ್‌ಎಚ್, ಎಲ್‌ಎಚ್ ಅನ್ನುವ ಎರಡು ಹಾರ್ಮೋನು ಬಿಟ್ಟು ಅಂಡಾಶಯಕ್ಕೆ ಕೆಲಸ ಹೇಳುತ್ತದೆ. ಮಾತ್ರೆಯ ಈಸ್ಟ್ರೋಜನ್, ಪ್ರೊಜೆಸ್ಟಿನ್ ರಕ್ತದಲ್ಲಿ ಇರುವಷ್ಟು ದಿನ ಪಿಟ್ಯುಟರಿ ಬಾಯಿ ಮುಚ್ಚಿಕೊಂಡಿರುತ್ತದೆ. ಅಂಡಾಣು ಬಲಿಯೋದಿಲ್ಲ. ಗರ್ಭಕೋಶದ ಬಾಯಿಯ ಲೋಳೆ ಗಟ್ಟಿಯಾಗಿ ವೀರ್ಯಾಣುವನ್ನು ಒಳಗೆ ಬಿಡೋದಿಲ್ಲ. ಒಳಪದರ ತೆಳ್ಳಗಾಗುತ್ತದೆ. ಒಣಗೋದು ಅಂತ ಯಾವುದೂ ಇಲ್ಲ! ಮಾತ್ರೆ ನಿಲ್ಲಿಸಿದರೆ ಆ ಹಾರ್ಮೋನು ಕೆಲವೇ ದಿನಗಳಲ್ಲಿ ಮೈಯಿಂದ ಹೋಗುತ್ತದೆ. ಆರು ವರ್ಷ ತಿಂದರೂ ಅಷ್ಟೇ, ಆರು ತಿಂಗಳು ತಿಂದರೂ ಅಷ್ಟೇ. ಅದು ಎಲ್ಲೂ ಕೂಡಿಟ್ಟುಕೊಂಡು ಕೂತಿರೋದಿಲ್ಲ. ಕೆಲವರಿಗೆ ಎರಡೇ ವಾರದಲ್ಲಿ ಅಂಡಾಣು ಬಿಡುಗಡೆ ಆಗುತ್ತದೆ.

ಬಿಡುವೇ ಇಲ್ಲದೆ ದಿನಾ ತಿನ್ನುವ ಮಾತ್ರೆಯೊಂದರ ಮೇಲೆ ಅಧ್ಯಯನ ಮಾಡಿದ್ದರು. ವರ್ಷವಿಡೀ ಮುಟ್ಟನ್ನೇ ನಿಲ್ಲಿಸುವ ಮಾತ್ರೆ ಅದು. ನಿಲ್ಲಿಸಿದ ಮೇಲೆ 90 ದಿನದೊಳಗೆ ಸುಮಾರು 99% ಹೆಂಗಸರಿಗೆ ಮುಟ್ಟಾಗಿತ್ತು ಅಥವಾ ಬಸುರಾಗಿದ್ದರು. ಅರ್ಧದಷ್ಟು ಜನಕ್ಕೆ 32 ದಿನದೊಳಗೇ ಬಂದಿತ್ತು. ಯುರೋಪಿನಲ್ಲಿ ಮಾತ್ರೆ ಬಿಟ್ಟು ಮಗುವಿಗೆ ಪ್ರಯತ್ನಿಸಿದ 2,000ಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ್ದರು. ಅದು 2009ರ ಆಸುಪಾಸಿನದು. ಮೊದಲ ತಿಂಗಳೇ ನಿಂತದ್ದು 21% ಜನಕ್ಕೆ, ವರ್ಷದೊಳಗೆ 79% ಜನಕ್ಕೆ. ಮಾತ್ರೆಯನ್ನೇ ಮುಟ್ಟದವರಿಗೂ ಹೆಚ್ಚುಕಮ್ಮಿ ಇದೇ ಲೆಕ್ಕ ಬರುತ್ತದೆ.

ಇಲ್ಲಿ ಒಂದು ವಿಷಯ ಯಾರೂ ಹೇಳೋದಿಲ್ಲ. ಸಂಜೆಮಲ್ಲಿಗೆ, ನಿಮಗೆ ಪ್ರತಿ 28 ದಿನಕ್ಕೆ ಆಗುತ್ತಿತ್ತಲ್ಲ, ಅದು ನಿಮ್ಮ ಮುಟ್ಟಲ್ಲ. ಶೀಟಿನದು. ಏಳು ದಿನ ಹಾರ್ಮೋನು ನಿಲ್ಲಿಸಿದಾಗ ತೆಳ್ಳನೆ ಒಳಪದರ ಕಳಚಿಕೊಳ್ಳುತ್ತದೆ, ಅಷ್ಟೇ. ಬಿಟ್ಟ ಮೂರನೇ ದಿನ ಬಂದದ್ದೂ ಅದೇ. ನಿಮ್ಮ ಸ್ವಂತ ಮುಟ್ಟು ಇನ್ನೂ ಬರಬೇಕು.

ಅದಕ್ಕೇ ಒಂದು ಪ್ರಶ್ನೆ. ಮಾತ್ರೆ ಶುರು ಮಾಡೋಕೆ ಮುಂಚೆ ನಿಮಗೆ ಎಷ್ಟು ದಿನಕ್ಕೆ ಮುಟ್ಟಾಗುತ್ತಿತ್ತು?

ಸಂಜೆಮಲ್ಲಿಗೆ

ಇದನ್ನು ಓದಿ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ.

ಆಗಲೂ ಸರಿ ಇರಲಿಲ್ಲ. 45 ದಿನ, 50 ದಿನ. ಪರೀಕ್ಷೆ ಸಮಯದಲ್ಲಿ ಒಂದು ಸಲ 72. ಗಲ್ಲದ ತುಂಬಾ ಮೊಡವೆ. 25ನೇ ವಯಸ್ಸಿನಲ್ಲಿ ಡಾಕ್ಟರ್ ಹತ್ತಿರ ಹೋದಾಗ "ಮುಟ್ಟು ಸರಿಹೋಗುತ್ತೆ" ಅಂತಲೇ ಈ ಮಾತ್ರೆ ಬರೆದುಕೊಟ್ಟರು. ಆಮೇಲೆ ಮದುವೆ ಆಯಿತು, ಮಗು ಈಗಲೇ ಬೇಡ ಅಂತ ಅದನ್ನೇ ಮುಂದುವರಿಸಿದೆ. ಸರಿಹೋಯಿತು ಅಂದುಕೊಂಡಿದ್ದೆ. ನಿಜ ಹೇಳಬೇಕಂದ್ರೆ ಆ 72 ದಿನದ ವಿಷಯ ಮರೆತೇಹೋಗಿತ್ತು.

ನೈಟ್‌ಡ್ಯೂಟಿ

ಸರಿಹೋಗಿರಲಿಲ್ಲ ಕಣಮ್ಮ, ಮುಚ್ಚಿಕೊಂಡಿತ್ತು. ಡಾಕ್ಟರ್ ತಪ್ಪು ಮಾಡಿದರು ಅಂತಲ್ಲ. ಮೊಡವೆಗೆ, ಹಿಡಿತ ಇಲ್ಲದ ಮುಟ್ಟಿಗೆ ಆ ಮಾತ್ರೆ ಸರಿಯಾದ ಚಿಕಿತ್ಸೆಯೇ. ತಿಂಗಳುಗಟ್ಟಲೆ ಮುಟ್ಟಾಗದೆ ಒಳಪದರ ದಪ್ಪ ಆಗುವುದನ್ನೂ ಅದು ತಡೆದಿರುತ್ತದೆ. ಆದರೆ "ಇದು ಬಿಟ್ಟರೆ ಹಳೆಯದು ವಾಪಸ್ ಬರಬಹುದು" ಅನ್ನೋ ಒಂದು ಮಾತು ಹೇಳಬೇಕಿತ್ತು. ಅದನ್ನು ಹೇಳೋದನ್ನೇ ಬಿಡುತ್ತಾರೆ.

ಈಗ ನೀವು 28ಕ್ಕೆ ಹೋಲಿಸಿ ನೋಡಬೇಡಿ. 50ಕ್ಕೆ, 72ಕ್ಕೆ ಹೋಲಿಸಿ. 68 ದಿನ ಅಷ್ಟೊಂದು ದೂರ ಅನ್ನಿಸುತ್ತಾ? ಹಾಗಂತ ಕೈಕಟ್ಟಿ ಕೂರೋದೂ ಬೇಡ. ಮೂರು ತಿಂಗಳು ತುಂಬಿದರೂ ಆಗದಿದ್ದರೆ ತೋರಿಸಲೇಬೇಕು. ನಿಮಗೆ ಹಳೇ ಕಥೆ ಇರೋದರಿಂದ ಈಗಲೇ ಹೋದರೂ ತಪ್ಪಿಲ್ಲ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ತರಿಸುವ ಹಾರ್ಮೋನು) ಮತ್ತು ಒಂದು ಸ್ಕ್ಯಾನ್ ಮಾಡಿಸುತ್ತಾರೆ. ಪಿಸಿಓಎಸ್‌ಗೆ (ಹಾರ್ಮೋನು ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆ ಆಗದ ತೊಂದರೆ, ಪಿಸಿಓಡಿ ಅಂತಲೂ ಅನ್ನುತ್ತಾರೆ) ಅಂತ ಮಾಡುವ ಪುರುಷ ಹಾರ್ಮೋನಿನ ಪರೀಕ್ಷೆ ಮಾತ್ರ ಮಾತ್ರೆ ಬಿಟ್ಟು ಮೂರು ತಿಂಗಳಾದ ಮೇಲೆ ಮಾಡಿಸಿದರೆ ಒಳ್ಳೆಯದು. ಮಾತ್ರೆ ಆ ಅಂಕಿಯನ್ನೂ ಕೆಳಗಿಳಿಸಿಟ್ಟಿರುತ್ತದೆ.

ಬಿಸಿಲುಗುದುರೆ

ಎಲ್ಲ ಸರಿ, ಆದರೆ ಈ ಪಿಲ್ಸ್‌ನಿಂದಲೇ ಪಿಸಿಓಡಿ ಬರೋದು ಅಂತ ನನಗೆ ಖಾತ್ರಿ. ನನಗೆ ಮಾತ್ರೆ ಬಿಟ್ಟ ಮೇಲೇ ಮುಖದ ತುಂಬಾ ಮೊಡವೆ ಎದ್ದದ್ದು. ಮೂರನೇ ತಿಂಗಳು ಕೂದಲು ಹಿಡಿಹಿಡಿ ಉದುರಿತು. ಸ್ನಾನದ ಮನೆ ಜಾಲರಿ ದಿನಾ ಕಟ್ಟಿಕೊಳ್ಳುತ್ತಿತ್ತು. ಮುಂಚೆ ಏನೂ ಇರಲಿಲ್ಲ ನನಗೆ. ಆಸ್ಪತ್ರೆಯವರು ಒಪ್ಪಿಕೊಳ್ಳೋದಿಲ್ಲ, ಅಷ್ಟೇ.

ನೈಟ್‌ಡ್ಯೂಟಿ

ಮೊಡವೆ, ಕೂದಲು ಎರಡೂ ನಿಜ. ಮಾತ್ರೆ ಇರುವಾಗ ಎಣ್ಣೆ ಗ್ರಂಥಿ ತೆಪ್ಪಗಿರುತ್ತದೆ, ಬಿಟ್ಟ ಮೇಲೆ ಎದ್ದು ಕೂರುತ್ತದೆ. ಹಾರ್ಮೋನು ಬದಲಾದ ಎರಡು ಮೂರು ತಿಂಗಳಿಗೆ ಕೂದಲು ಉದುರುತ್ತದೆ. ಹೆರಿಗೆ ಆದ ಮೇಲೆ ಉದುರುತ್ತಲ್ಲ, ಅದೇ ಥರ. ಆಮೇಲೆ ಬೆಳೆಯುತ್ತದೆ. ಆದರೆ ಮಾತ್ರೆಯಿಂದ ಪಿಸಿಓಎಸ್ ಹುಟ್ಟೋದಿಲ್ಲ. ಎಷ್ಟೋ ಜನ 19, 20ಕ್ಕೆ ಮಾತ್ರೆ ಶುರು ಮಾಡುತ್ತಾರೆ. ಅವರ ಸ್ವಂತ ಮುಟ್ಟು ಹೇಗೆ ನೆಲೆ ಕಾಣುತ್ತೆ ಅಂತ ಅವರೇ ನೋಡಿರೋದಿಲ್ಲ. ನೀವು ಯಾವ ವಯಸ್ಸಿಗೆ ಶುರು ಮಾಡಿದ್ದು?

ಬಿಸಿಲುಗುದುರೆ

19.

ಆದರೂ ನನಗೆ ಒಪ್ಪಿಗೆ ಇಲ್ಲ. ಹೇಳಿರುತ್ತೇನೆ.

ಕಾಡುಬಾದಾಮಿ

ನನ್ನ ಕಥೆ ಬೇರೆ. ನನಗೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು ನೋವು ಕೊಡುವ ಕಾಯಿಲೆ) ಇತ್ತು, ಮಾತ್ರೆ ಕೊಟ್ಟದ್ದೇ ಆ ನೋವಿಗೆ. ಬಿಟ್ಟ ಎರಡನೇ ತಿಂಗಳಿಗೆ ನೋವು ಮೊದಲಿನಷ್ಟೇ ವಾಪಸ್. ನೆಲದ ಮೇಲೆ ಮುದುಡಿ ಮಲಗಿಕೊಂಡೇ ಆಫೀಸಿಗೆ ರಜೆಯ ಮೆಸೇಜ್ ಕಳಿಸಿದ್ದೆ. ಹೀಗೆ ಕಾಯಿಲೆಗೆ ಅಂತ ಮಾತ್ರೆ ತಗೊಳ್ಳುತ್ತಿದ್ದವರು ಒಬ್ಬರೇ ತೀರ್ಮಾನ ಮಾಡಿ ಬಿಡಬೇಡಿ. ಬಿಡೋಕೆ ಮುಂಚೆಯೇ ಡಾಕ್ಟರ್ ಹತ್ತಿರ ಕೂತು, ಎಷ್ಟು ತಿಂಗಳು ಪ್ರಯತ್ನ ಮಾಡೋದು, ಆಮೇಲೆ ಏನು ಅಂತ ಮಾತಾಡಿಕೊಳ್ಳಿ.

ಹಳೆಗಡಿಯಾರ

ಒಂದು ಸಂದೇಹ. ಮಾತ್ರೆ ತಿಂದಾಗ ಅಂಡಾಣು ಬಿಡುಗಡೆಯೇ ಆಗೋದಿಲ್ಲ ಅಂದಿರಿ. ಹಾಗಾದರೆ ಆರು ವರ್ಷದ ಅಂಡಾಣು ಉಳಿತಾಯ ಆಗಿರಬೇಕಲ್ಲ? ನಗಬೇಡಿ, ನಿಜವಾಗಿಯೇ ಕೇಳುತ್ತಿದ್ದೇನೆ.

ನೈಟ್‌ಡ್ಯೂಟಿ

ಒಳ್ಳೇ ಪ್ರಶ್ನೆ, ಯಾಕೆ ನಗಲಿ. ಉಳಿತಾಯ ಆಗೋದಿಲ್ಲ ಅಮ್ಮ. ಹೆಣ್ಣುಮಗು ಹುಟ್ಟುವಾಗಲೇ ಹತ್ತಿಪ್ಪತ್ತು ಲಕ್ಷ ಅಂಡಾಣು ಇಟ್ಟುಕೊಂಡು ಹುಟ್ಟುತ್ತದೆ. ಜೀವಮಾನದಲ್ಲಿ ಬಿಡುಗಡೆ ಆಗೋದು ನಾನೂರರ ಆಸುಪಾಸು. ಮಿಕ್ಕದ್ದೆಲ್ಲ ತನ್ನಷ್ಟಕ್ಕೇ ಕರಗಿಹೋಗುತ್ತದೆ. ಮಾತ್ರೆ ತಿಂದರೂ ಕರಗೋದು ನಿಲ್ಲೋದಿಲ್ಲ, ಬಸುರಲ್ಲೂ ನಿಲ್ಲೋದಿಲ್ಲ.

ಹಾಗಾಗಿ 25ಕ್ಕೆ ಶುರು ಮಾಡಿ 36ಕ್ಕೆ ಬಿಟ್ಟರೆ, ವಾಪಸ್ ಬರೋದು 36ರ ಫಲವತ್ತತೆ. 25ರದ್ದಲ್ಲ. ಇದನ್ನೇ ಜನ ಮಾತ್ರೆಯ ತಲೆಗೆ ಕಟ್ಟುತ್ತಾರೆ. "ಹತ್ತು ವರ್ಷ ತಿಂದಳು, ಅದಕ್ಕೇ ಆಗುತ್ತಿಲ್ಲ." ಹತ್ತು ವರ್ಷ ಕಳೆದದ್ದು ಯಾರಿಗೂ ನೆನಪಿರೋದಿಲ್ಲ.

ಓದುಗಿ

ಅಂಡಾಣು ಲೆಕ್ಕ ಬಂತಲ್ಲ, ಎಎಂಎಚ್ (ಎಷ್ಟು ಅಂಡಾಣು ಉಳಿದಿವೆ ಅಂತ ಅಂದಾಜು ಮಾಡುವ ರಕ್ತ ಪರೀಕ್ಷೆ) ಬಗ್ಗೆ ನನ್ನ ಮೂರ್ಖತನ ಹೇಳಿಬಿಡುತ್ತೇನೆ. 33ಕ್ಕೆ ಮಾತ್ರೆ ನಡೀತಿರುವಾಗಲೇ, ಯಾರೂ ಹೇಳದೆ, ನಾನೇ ಹೋಗಿ ಆ ಪರೀಕ್ಷೆ ಮಾಡಿಸಿದೆ. 1.1 ಬಂತು. ಪಕ್ಕದಲ್ಲಿ ಕೆಂಪು ಬಾಣ. ಆ ರಾತ್ರಿ ಇಬ್ಬರೂ ಊಟ ಮಾಡಲಿಲ್ಲ. ಆಮೇಲೆ ಡಾಕ್ಟರ್ ಹೇಳಿದರು, ಮಾತ್ರೆ ತಿನ್ನುವಾಗ ಎಎಂಎಚ್ ಇರೋದಕ್ಕಿಂತ ಕಮ್ಮಿ ತೋರಿಸುತ್ತೆ, ಕೆಲವು ತಿಂಗಳು ಬಿಟ್ಟು ಮಾಡಿಸಿ ಅಂತ. ನಾಲ್ಕು ತಿಂಗಳ ಮೇಲೆ 1.9.

ಅವರು ಇನ್ನೊಂದು ಮಾತು ಹೇಳಿದರು. 2017ರಲ್ಲಿ ಅಮೆರಿಕದ ಅಧ್ಯಯನವೊಂದು ಬಂದಿದೆಯಂತೆ. 30 ದಾಟಿದ, ಬಂಜೆತನದ ತೊಂದರೆ ಇಲ್ಲದ ಹೆಂಗಸರಲ್ಲಿ, ಎಎಂಎಚ್ ಕಮ್ಮಿ ಇದ್ದವರೂ ಉಳಿದವರಷ್ಟೇ ಸಲೀಸಾಗಿ ಬಸುರಾದರು ಅಂತ. ಐವಿಎಫ್ ಮಾಡುವಾಗ ಎಷ್ಟು ಅಂಡಾಣು ಸಿಗಬಹುದು ಅಂತ ಅಂದಾಜು ಮಾಡೋಕೆ ಆ ಅಂಕಿ ಬೇಕು. ಮನೇಲಿ ಕೂತು ಭವಿಷ್ಯ ನೋಡೋಕಲ್ಲ.

ತಂಗಾಳಿ

ಮಾತ್ರೆ ಅಲ್ಲ, ಮೂರು ತಿಂಗಳಿಗೊಮ್ಮೆ ಚುಚ್ಚುವ ಇಂಜೆಕ್ಷನ್ ತಗೊಂಡವರಿಗೂ ಇದೇ ಲೆಕ್ಕಾನಾ? ನಾನು ನಿಲ್ಲಿಸಿ ಏಳು ತಿಂಗಳು, ಇನ್ನೂ ಏನೂ ಇಲ್ಲ.

ನೈಟ್‌ಡ್ಯೂಟಿ

ಅಲ್ಲ, ಇಂಜೆಕ್ಷನ್ ಲೆಕ್ಕವೇ ಬೇರೆ. ಅದು ಸ್ನಾಯುವಿನೊಳಗೆ ಉಳಿದುಕೊಂಡು ನಿಧಾನಕ್ಕೆ ಕರಗುತ್ತದೆ. ಕೊನೆಯ ಚುಚ್ಚುಮದ್ದಿನಿಂದ ಲೆಕ್ಕ ಹಾಕಿದರೆ ಬಸುರಾಗೋಕೆ ಸರಾಸರಿ ಒಂಬತ್ತು ಹತ್ತು ತಿಂಗಳು ಹಿಡಿಯುತ್ತದೆ. ಏಳು ತಿಂಗಳು ಅಂದರೆ ನೀವಿನ್ನೂ ಅದರೊಳಗೇ ಇದ್ದೀರಿ. ಡೆನ್ಮಾರ್ಕ್ ಮತ್ತು ಉತ್ತರ ಅಮೆರಿಕದ ಸುಮಾರು 18,000 ಹೆಂಗಸರ ಮೇಲೆ ಮಾಡಿದ ಅಧ್ಯಯನ 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಸಹಜ ಸ್ಥಿತಿಗೆ ಬರೋಕೆ ಇಂಜೆಕ್ಷನ್‌ಗೆ ಐದರಿಂದ ಎಂಟು ಋತುಚಕ್ರ, ಮಾತ್ರೆಗೆ ಮೂರು, ಕಾಪರ್‌ಟಿಯಂಥದಕ್ಕೆ ಎರಡು. ಆಮೇಲೆ ಎಲ್ಲರದೂ ಒಂದೇ. ಎಷ್ಟು ವರ್ಷ ಬಳಸಿದ್ದರು ಅನ್ನೋದರಿಂದ ವ್ಯತ್ಯಾಸ ಕಾಣಲಿಲ್ಲ.

ಈ ಇಂಜೆಕ್ಷನ್ ಕಥೆ ಕೇಳಿಯೇ ಅರ್ಧ ಜನ ಮಾತ್ರೆಗೂ ಹೆದರೋದು ಅಂತ ನನ್ನ ಅನುಮಾನ.

ಮಾತ್ರೆಡಬ್ಬಿ

ನಾನು ಫಾರ್ಮಸಿಸ್ಟ್. ಇಷ್ಟು ಚರ್ಚೆ ನಡೆಯಿತು, ಫೋಲಿಕ್ ಆಸಿಡ್ (ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯೋಕೆ ಬೇಕಾದ ವಿಟಮಿನ್) ಬಗ್ಗೆ ಒಬ್ಬರೂ ಕೇಳಲಿಲ್ಲವಲ್ಲ? ಮಗು ಬೇಕು ಅಂತ ಮಾತ್ರೆ ಬಿಡುವವರು ಅವತ್ತಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಶುರು ಮಾಡಬೇಕು. ಬಸುರಿನ 12 ವಾರ ತುಂಬುವವರೆಗೂ ಬೇಕು. ಮಗುವಿನ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳೋದು ಅಂಡಾಣು ಫಲಿತವಾದ ನಾಲ್ಕು ವಾರದೊಳಗೆ. ಎರಡು ಗೆರೆ ನೋಡಿ ಅಂಗಡಿಗೆ ಓಡಿ ಬರುವ ಹೊತ್ತಿಗೆ ಆ ಕೆಲಸ ಹೆಚ್ಚುಕಮ್ಮಿ ಮುಗಿದಿರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ, ಫಿಟ್ಸ್ ಮಾತ್ರೆ ತಿನ್ನುವವರಿಗೆ ಡೋಸ್ ಜಾಸ್ತಿ ಬೇಕಾಗುತ್ತದೆ, ಅದನ್ನು ಡಾಕ್ಟರೇ ಬರೆಯಬೇಕು. ರುಬೆಲ್ಲಾ ಲಸಿಕೆ ಆಗಿಲ್ಲದಿದ್ದರೆ ಈಗಲೇ ಹಾಕಿಸಿಕೊಳ್ಳಿ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಮಾತ್ರ ಬಸುರಾಗಬಾರದು.

ಸಂಜೆಮಲ್ಲಿಗೆ

ಅಯ್ಯೋ, ನಾನು ಶುರುವೇ ಮಾಡಿಲ್ಲ! ಇವತ್ತೇ ತರುತ್ತೇನೆ. ಒಂಬತ್ತೂವರೆ ಅಲಾರಂಗೆ ಕೆಲಸ ಸಿಕ್ಕಿತು.

ರಾತ್ರಿಬಸ್ಸು

ಗಂಡಸರು ಬರೆಯಬಹುದಾ ಇಲ್ಲಿ? ಒಂದೇ ಮಾತು ಹೇಳಿ ಹೋಗುತ್ತೇನೆ.

ನನ್ನ ಹೆಂಡತಿಯೂ ಐದು ವರ್ಷ ಮಾತ್ರೆ ತಗೊಂಡಿದ್ದಳು. ಬಿಟ್ಟು ವರ್ಷ ಆದರೂ ಆಗಲಿಲ್ಲ. ಎಲ್ಲರೂ ಮಾತ್ರೆಯನ್ನೇ ಬೈದರು, ನಾನೂ ಬೈದೆ. ಎಂಟು ತಿಂಗಳು ಅವಳಿಗೇ ರಕ್ತ ಪರೀಕ್ಷೆ, ಅವಳಿಗೇ ಸ್ಕ್ಯಾನ್, ಟ್ಯೂಬ್ ತೆರೆದಿದೆಯಾ ಅಂತ ನೋಡೋ ನೋವಿನ ಪರೀಕ್ಷೆ ಕೂಡ ಅವಳಿಗೇ. ನಾವು ಹೋಗುತ್ತಿದ್ದ ಕಡೆ ಯಾರೂ ನನ್ನನ್ನು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೊನೆಗೆ ಬೇರೆ ಡಾಕ್ಟರ್ ಹತ್ತಿರ ಹೋದ ಮೊದಲ ದಿನವೇ ಅವರು ನನ್ನ ಕೈಗೆ ಒಂದು ಡಬ್ಬಿ ಕೊಟ್ಟರು. ಒಂದು ಎಂಎಲ್‌ ವೀರ್ಯದಲ್ಲಿ ಕನಿಷ್ಠ 16 ಮಿಲಿಯನ್ ವೀರ್ಯಾಣು ಇರಬೇಕಂತೆ. ನನ್ನದು 4.

ವೀರ್ಯ ಪರೀಕ್ಷೆ ಅರ್ಧ ಗಂಟೆಯ ಕೆಲಸ, ನೋವಿಲ್ಲ. ಮೊದಲೇ ಮಾಡಿಸಿ. ಅಷ್ಟೇ.

ಗುಬ್ಬಿಗೂಡು

ಬರೆದದ್ದು ಒಳ್ಳೇದಾಯಿತು ಅಣ್ಣಾ. ನಮ್ಮ ಮನೆಯವರಿಗೂ ಇದನ್ನು ಓದಿಸುತ್ತೇನೆ, ಎರಡನೆಯದಕ್ಕೆ ಬೇಕಾಗಬಹುದು.

ಸಂಜೆಮಲ್ಲಿಗೆ (17 ದಿನದ ನಂತರ)

ಅಪ್‌ಡೇಟ್ ಕೊಡುತ್ತೇನೆ ಅಂದಿದ್ದೆ.

79ನೇ ದಿನ ಡಾಕ್ಟರ್ ನೋಡಿದರು. ಮೊದಲೇ ಇನ್ನೊಮ್ಮೆ ಪ್ರೆಗ್ನೆನ್ಸಿ ಪರೀಕ್ಷೆ, ಇಲ್ಲ ಅಂತ ಬಂತು. ಥೈರಾಯ್ಡ್ ಸರಿ ಇದೆ. ಪ್ರೊಲ್ಯಾಕ್ಟಿನ್ ಸರಿ ಇದೆ. ಸ್ಕ್ಯಾನ್‌ನಲ್ಲಿ ಎರಡೂ ಅಂಡಾಶಯದ ಅಂಚಿಗೆ ಸಣ್ಣ ಸಣ್ಣ ಕೋಶ (ಅಂಡಾಣು ಇರುವ ಚೀಲ) ಸಾಲಾಗಿ ಕೂತಿದ್ದವು. ಸ್ಕ್ರೀನ್ ತಿರುಗಿಸಿ ತೋರಿಸಿದರು. ಕಪ್ಪು ಮಣಿ ಪೋಣಿಸಿದ ಹಾಗಿತ್ತು. ಮಾತ್ರೆಗೆ ಮುಂಚಿನ 45, 50, 72ರ ಲೆಕ್ಕ ಹೇಳಿದೆ. "ಇದು ಮಾತ್ರೆ ಮಾಡಿದ್ದಲ್ಲ, ಮೊದಲಿಂದ ಇದ್ದದ್ದು" ಅಂದರು. ನೈಟ್‌ಡ್ಯೂಟಿ ಅಕ್ಕ ಹೇಳಿದ್ದೇ ಮಾತು.

ಪಿಸಿಓಎಸ್ ಅಂತ ಹೇಳೋಕೆ ಮೂರರಲ್ಲಿ ಎರಡು ಲಕ್ಷಣ ಇರಬೇಕಂತೆ: ಹಿಡಿತವಿಲ್ಲದ ಮುಟ್ಟು, ಪುರುಷ ಹಾರ್ಮೋನು ಜಾಸ್ತಿ, ಸ್ಕ್ಯಾನ್‌ನಲ್ಲಿ ಇಂಥ ಕೋಶಗಳು. ನನಗೆ ಎರಡು ಈಗಾಗಲೇ ಇವೆ. ಇನ್ನು ಎರಡು ವಾರ ಕಾಯೋಣ, ಬಾರದಿದ್ದರೆ ಮುಟ್ಟು ಬರಿಸೋಕೆ ಮಾತ್ರೆ ಕೊಡುತ್ತೇನೆ ಅಂದರು. ಅಂಡಾಣು ತಾನಾಗಿ ಬರದಿದ್ದರೆ ಮುಂದೆ ಅದನ್ನು ಬರಿಸೋಕೆ ಲೆಟ್ರೊಜೋಲ್ ಅನ್ನೋ ಮಾತ್ರೆ. ತೂಕ ಸ್ವಲ್ಪ ಇಳಿಸಿ, ಇರುವ ತೂಕದ ನೂರಕ್ಕೆ ಐದು ಇಳಿದರೂ ಎಷ್ಟೋ ಜನಕ್ಕೆ ಮುಟ್ಟು ತಾನೇ ಹದಕ್ಕೆ ಬರುತ್ತೆ ಅಂದರು.

83ನೇ ದಿನ, ಅಂದರೆ ಮೊನ್ನೆ, ಆಯಿತು. ತಾನಾಗಿಯೇ! ಮಾತ್ರೆ ತಿನ್ನುವಾಗ ಬರುತ್ತಿದ್ದ ತೆಳ್ಳನೆಯದಲ್ಲ. ಕೆಳಹೊಟ್ಟೆ ಹಿಂಡಿ, ಬೆನ್ನು ಎಳೆದು, ಹಳೇ ಕಾಲದ್ದೇ ನೋವು. ನೋವಲ್ಲೂ ಖುಷಿಯಾದದ್ದು ಇದೇ ಮೊದಲು.

ಓರಗಿತ್ತಿಗೆ ಇನ್ನೂ ಹೇಳಿಲ್ಲ. ಹೇಳೋದಾ ಬೇಡವಾ ಅಂತ ಯೋಚನೆ.

ಅರ್ಧಚಂದ್ರ

ಬೇಡ.

ತಂಗಾಳಿ

ಓವ್ಯುಲೇಶನ್ ಸ್ಟ್ರಿಪ್ ಶುರು ಮಾಡಿದಿರಾ? ನನಗೆ ಅದರಲ್ಲಿ ಏನೂ ಅರ್ಥವಾಗಲ್ಲ.

ಓದುಗಿ

ಪಿಸಿಓಎಸ್ ಇದ್ದರೆ ಸ್ಟ್ರಿಪ್ ನಂಬಿ ಕೂರಬೇಡಿ. ಅದು ಎಲ್‌ಎಚ್ ಏರಿದ್ದನ್ನು ತೋರಿಸುತ್ತೆ. ಸಾಮಾನ್ಯವಾಗಿ ಏರಿದ ಒಂದೂವರೆ ದಿನದೊಳಗೆ ಅಂಡಾಣು ಬಿಡುಗಡೆ. ಪಿಸಿಓಎಸ್‌ನಲ್ಲಿ ಎಲ್‌ಎಚ್ ಮೊದಲೇ ಮೇಲಿರಬಹುದು, ಸ್ಟ್ರಿಪ್ ದಿನಾ ಹೌದು ಹೌದು ಅನ್ನುತ್ತದೆ. ಲೋಳೆ ನೋಡೋದು ಇದಕ್ಕಿಂತ ವಾಸಿ. ಮೊಟ್ಟೆಯ ಬಿಳಿಯ ಹಾಗೆ ಜಾರುವಂತೆ, ಬೆರಳ ನಡುವೆ ಎಳೆದರೆ ದಾರದಂತೆ ಬಂದರೆ ಆ ದಿನಗಳೇ ಮುಖ್ಯ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಬಹುದು, ಅಂಡಾಣು ಒಂದೇ ದಿನ. ಆದ್ದರಿಂದ ಅಂಡಾಣು ಬಂದ ಮೇಲಲ್ಲ, ಬರೋಕೆ ಮುಂಚಿನ ದಿನಗಳೇ ಲೆಕ್ಕ.

ಇದೆಲ್ಲ ತಲೆನೋವು ಅನ್ನಿಸಿದರೆ ಎರಡು ಮೂರು ದಿನಕ್ಕೊಮ್ಮೆ ಸೇರಿ, ಸ್ಟ್ರಿಪ್ ಬಿಸಾಕಿ. ನಾವು ಕೊನೆಗೆ ಮಾಡಿದ್ದು ಅದೇ.

ನೈಟ್‌ಡ್ಯೂಟಿ

ಸಂಜೆಮಲ್ಲಿಗೆ, ಖುಷಿ ಆಯಿತು. ಮುಂದಿನದು 45 ದಿನ ಆದರೂ ಗಾಬರಿ ಆಗಬೇಡಿ. ಸಾಮಾನ್ಯವಾಗಿ 35ರ ಒಳಗಿನವರಿಗೆ ಒಂದು ವರ್ಷ, 35 ದಾಟಿದವರಿಗೆ ಆರು ತಿಂಗಳು ಪ್ರಯತ್ನ ಮಾಡಿ ಆಮೇಲೆ ಬನ್ನಿ ಅನ್ನುತ್ತಾರೆ. ಅದು ಮುಟ್ಟು ಸರಿ ಇರುವವರ ಲೆಕ್ಕ. ನಿಮಗೆ ವರ್ಷಕ್ಕೆ ಏಳೆಂಟೇ ಸಲ ಅಂಡಾಣು ಬಂದರೆ ವರ್ಷ ಪೂರ್ತಿ ಕಾಯಬೇಕಿಲ್ಲ. ಡಾಕ್ಟರ್ ಬರ ಹೇಳಿದ ದಿನಕ್ಕೆ ಹೋಗಿ.

ಸಂಜೆಮಲ್ಲಿಗೆ (ಒಂದೂವರೆ ತಿಂಗಳ ನಂತರ)

43ನೇ ದಿನ ಎರಡನೆಯದು. ಸುಮ್ನೆ ಹೇಳಿ ಹೋಗೋಣ ಅಂತ. ತೂಕ ಎರಡು ಕೆಜಿ ಇಳಿದಿದೆ. ಮನೆಯವರ ಪರೀಕ್ಷೆಯೂ ಆಯಿತು, ಸರಿ ಇದೆ. ರಾತ್ರಿಬಸ್ಸು ಅವರಿಗೆ ಥ್ಯಾಂಕ್ಸ್ ಹೇಳು ಅಂದಿದ್ದಾರೆ. ಮುಂದಿನ ವಾರ ಲೆಟ್ರೊಜೋಲ್ ಬಗ್ಗೆ ಮಾತಾಡೋಕೆ ಹೋಗಬೇಕು.

ಹೊಸಚಿಗುರು

ಇಡೀ ಚರ್ಚೆ ಒಂದೇ ಉಸಿರಿಗೆ ಓದಿದೆ. ನನ್ನದು ಚಿಕ್ಕ ಪ್ರಶ್ನೆ. ಮಗು ಬೇಕು ಅಂತ ಇವತ್ತೇ ತೀರ್ಮಾನ ಆಯಿತು. ಶೀಟಿನಲ್ಲಿ ಇನ್ನೂ ಒಂಬತ್ತು ಮಾತ್ರೆ ಇವೆ. ಮುಗಿಸಬೇಕಾ, ಈಗಲೇ ಬಿಡಬಹುದಾ?

ಸಂಜೆಮಲ್ಲಿಗೆ

ಇದಕ್ಕೆ ನಾನೇ ಉತ್ತರ ಕೊಡುತ್ತೇನೆ, ಡಾಕ್ಟರನ್ನು ಕೇಳಿದ್ದೆ. ಯಾವತ್ತು ಬೇಕಾದರೂ ಬಿಡಬಹುದು. ನಡುವೆ ಬಿಟ್ಟರೆ ಎರಡು ಮೂರು ದಿನಕ್ಕೆ ಒಂದು ಸಲ ಬ್ಲೀಡಿಂಗ್ ಆಗಬಹುದು, ಅದು ಶೀಟಿನದು, ನಿಮ್ಮದಲ್ಲ. ಮುಗಿಸಿ ಬಿಟ್ಟರೆ ಲೆಕ್ಕ ಇಡೋಕೆ ಸುಲಭ, ಅಷ್ಟೇ ವ್ಯತ್ಯಾಸ. ಫೋಲಿಕ್ ಆಸಿಡ್ ಮಾತ್ರ ಇವತ್ತೇ ತನ್ನಿ.

ಮತ್ತೆ ಕೊನೆಯ ಮಾತ್ರೆ ತಿಂದ ತಾರೀಕು ಎಲ್ಲಾದರೂ ಬರೆದಿಡಿ. ನಾನು ಬರೆದಿರಲಿಲ್ಲ. ಡಾಕ್ಟರ್ ಕೇಳಿದಾಗ ಅಲ್ಲೇ ಕೂತು, ಖಾಲಿ ಶೀಟಿನ ಫೋಟೊ ತೆಗೆದದ್ದು ಯಾವತ್ತು ಅಂತ ಮೊಬೈಲಲ್ಲಿ ಹುಡುಕಿದೆ.